ಸೈಕಲ್ಲು, ಮಜಾ, ಹಿಂದಿನ ಗೇಟು

ನಾನು ಸೈಕಲ್ ತುಳಿಯುವುದು ಮಜಾ ಸಿಗುತ್ತದೆ ಅಂತ. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ.

ನಲವತ್ತು ದಾಟಿದ, ತಿಂಗಳಾದರೆ ಸಂಬಳ ಬರುವ ಹೆಂಗಸು ದಿನಾ ಸೈಕಲ್ಲಲ್ಲಿ ಆಫೀಸಿಗೆ ಹೋಗುತ್ತಾಳೆ ಅಂದರೆ ಅದಕ್ಕೊಂದು ಗಟ್ಟಿ ಕಾರಣ ಇರಲೇಬೇಕು ಅನ್ನುವುದು ಜನರ ಲೆಕ್ಕ. "ಡಾಕ್ಟ್ರು ಹೇಳಿದ್ರಾ ಮೇಡಂ?" ಅನ್ನುವವರಿದ್ದಾರೆ. "ಗಾಡಿ ರಿಪೇರಿಗೆ ಬಿಟ್ಟಿದೀರಾ?" ಅನ್ನುವವರಿದ್ದಾರೆ. ಎದುರುಮನೆಯವರು ಇನ್ನೂ ಒಳ್ಳೆಯವರು. "ಪೆಟ್ರೋಲ್ ರೇಟು ನೋಡಿದ್ರೆ ಇನ್ನೇನ್ ಮಾಡೋಕಾಗತ್ತೆ ಬಿಡಮ್ಮ" ಅಂತ ತಾವೇ ಸಮಾಧಾನ ಹೇಳಿಬಿಡುತ್ತಾರೆ. ಆಫೀಸಿನ ಹುಡುಗರಿಗೆ ಮಾತ್ರ ನಾನು ಪರಿಸರ ಉಳಿಸುತ್ತಿದ್ದೇನೆ ಅಂತ ಗೌರವ. ಇಲ್ಲಪ್ಪಾ, ಸುಮ್ನೆ ಖುಷಿಗೆ ಅಂದರೆ ನಾನೇನೋ ಮುಚ್ಚಿಡುತ್ತಿದ್ದೇನೆ ಅನ್ನುವ ಹಾಗೆ ನೋಡುತ್ತಾರೆ.

ಈಚೆಗೆ ಈ ಪಟ್ಟಿಗೆ ಇನ್ನೊಂದು ಕಾರಣ ಸೇರಿತು. ನಮ್ಮ ಗೆಳೆಯರೊಬ್ಬರು ಭಾನುವಾರ ಬೆಳಿಗ್ಗೆ ಗುಂಪು ಕಟ್ಟಿಕೊಂಡು ನಂಜನಗೂಡಿನ ತನಕ ಸೈಕಲ್ಲಲ್ಲಿ ಹೋಗಿ ಇಡ್ಲಿ ತಿಂದು ಬರುವವರು. ಓದಿಕೊಂಡವರು, ಮಾತು ಚೆನ್ನಾಗಿ ಆಡುತ್ತಾರೆ. ಅವರು ಒಂದು ದಿನ ಹೇಳಿದರು: "ನೀವು ಒಪ್ಪಲಿ ಬಿಡಲಿ, ನೀವು ಮಾಡ್ತಿರೋದು ಮಜಾ ಅಲ್ಲ, ರಾಜಕೀಯ. ಎಲ್ಲರೂ ಕಾರು ಅಂತ ಓಡ್ತಿರೋವಾಗ ಸೈಕಲ್ ಏರೋದೇ ಪ್ರತಿಭಟನೆ." ನಾನು ಆಗ ನಕ್ಕು ಸುಮ್ಮನಾದೆ. ಆದರೆ ಮಾತು ತಲೆಯಲ್ಲಿ ಉಳಿಯಿತು. ಈ ಬರಹ ಅವರಿಗೆ ಉತ್ತರ. ಅರ್ಧ ಒಪ್ಪಿಗೆ, ಅರ್ಧ ಜಗಳ.

ಮೊದಲು ಮಜಾದ ವಿಷಯ. ಇದನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕೆಲಸ ಅಗ್ರಹಾರದ ಕಡೆ, ಆಡಿಟರ್ ಒಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುವುದು. ನೇರ ದಾರಿ ಹಿಡಿದರೆ ಬೇಗ ತಲುಪಬಹುದು. ಆದರೂ ನಾನು ಬೇಕಂತಲೇ ಕೃಷ್ಣರಾಜ ಬುಲೆವಾರ್ಡ್ ಕಡೆಯಿಂದ ಸುತ್ತು ಹಾಕುತ್ತೇನೆ. ಅಲ್ಲಿ ಸಾಲುಮರಗಳಿವೆ. ಬೇಸಿಗೆಯಲ್ಲಿ ಬಿಸಿಲಿನಿಂದ ಆ ನೆರಳಿಗೆ ನುಗ್ಗಿದಾಗ ತೋಳಿನ ಮೇಲೆ ತಂಪು ಬಂದು ಕೂರುತ್ತದೆ. ಹೆಲ್ಮೆಟ್ಟಿನೊಳಗೆ, ಕಾರಿನ ಏಸಿಯೊಳಗೆ ಇದು ಗೊತ್ತಾಗುವುದಿಲ್ಲ. ದಾರಿಯಲ್ಲಿ ಒಂದು ಸಣ್ಣ ಇಳಿಜಾರಿದೆ. ಸ್ಕೂಟರಿನಲ್ಲಿ ಹೋಗುವವರಿಗೆ ಅದು ಇಳಿಜಾರು ಅಂತಲೇ ಗೊತ್ತಿರಲಿಕ್ಕಿಲ್ಲ. ಅಲ್ಲಿ ಪೆಡಲು ನಿಲ್ಲಿಸಿದರೆ ಹಿಂದಿನ ಚಕ್ರದ ಫ್ರೀವೀಲು ಟಿಕ್ ಟಿಕ್ ಅಂತ ಶುರು ಮಾಡುತ್ತದೆ. ಪುಕ್ಕಟೆಯಾಗಿ ಸಿಕ್ಕ ವೇಗ ಅದು. ನನ್ನ ವಯಸ್ಸಿಗೆ ಪುಕ್ಕಟೆ ಸಿಗುವುದು ಬಹಳ ಕಮ್ಮಿ.

ಇನ್ನೊಂದು ಮಜಾ ಮಾತು ಕೇಳಿಸಿಕೊಳ್ಳುವುದು. ಸೈಕಲ್ಲಿಗೆ ಸದ್ದಿಲ್ಲ. ವಾಕಿಂಗ್ ಹೊರಟ ಇಬ್ಬರು ಹಿರಿಯರ ಪಕ್ಕದಲ್ಲಿ ಹಾದುಹೋಗುವಾಗ "ಅಳಿಯ ಒಳ್ಳೆಯವನೇ, ಆದ್ರೆ ಅವರಮ್ಮ..." ಅಂತ ಅರ್ಧ ವಾಕ್ಯ ಕಿವಿಗೆ ಬೀಳುತ್ತದೆ. ಅವರಮ್ಮ ಏನು ಮಾಡಿರಬಹುದು ಅಂತ ಆಫೀಸು ತಲುಪುವ ತನಕ ನಾನೇ ಕಥೆ ಕಟ್ಟಬಹುದು. ಹೂವಿನವಳು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ತೆಗೆಯುವಾಗ ಬರುವ ಮಲ್ಲಿಗೆ ವಾಸನೆ, ಕಾಫಿಪುಡಿ ಅಂಗಡಿಯ ಮುಂದೆ ಬೀಜ ಹುರಿಯುವ ವಾಸನೆ, ಇವೆಲ್ಲ ದಾರಿಯ ಖರ್ಚಿಗೆ.

ಕಷ್ಟ ಇಲ್ಲವಾ ಅಂದರೆ ಇದೆ. ಬಸ್ಸಿನ ಹೊಗೆ, ಮಳೆಗಾಲದ ಕೆಸರು, ಹಿಂದಿನಿಂದ ಬಂದು ಕಿವಿಯ ಹತ್ತಿರವೇ ಹಾರ್ನ್ ಒತ್ತುವವರು. ಅದೆಲ್ಲ ಸೇರಿಯೂ ಲೆಕ್ಕ ಮಜಾದ ಕಡೆಗೇ ನಿಲ್ಲುತ್ತದೆ.

ಹಾಗಾದರೆ ರಾಜಕೀಯ ಎಲ್ಲಿಂದ ಬಂತು? ನನಗೆ ಅದು ಸಿಕ್ಕಿದ್ದು ಒಂದು ಕಲ್ಯಾಣ ಮಂಟಪದ ಗೇಟಿನಲ್ಲಿ.

ಆಫೀಸಿನ ಸಹೋದ್ಯೋಗಿಯ ಮಗಳ ಮದುವೆ. ಮಂಟಪ ಮನೆಗೆ ಹತ್ತಿರ. ರೇಷ್ಮೆ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಗೆ ಕ್ಲಿಪ್ ಹಾಕಿಕೊಂಡು ಸೈಕಲ್ಲಲ್ಲೇ ಹೋದೆ. ಲೇಡೀಸ್ ಸೈಕಲ್ ಆದ್ದರಿಂದ ಸೀರೆಗೆ ಏನೂ ತೊಂದರೆ ಇಲ್ಲ. ಗೇಟಿನಲ್ಲಿ ಸೀಟಿ ಊದುತ್ತಾ ಕಾರುಗಳನ್ನು ಒಳಗೆ ಬಿಡುತ್ತಿದ್ದ ಹುಡುಗ ನನ್ನನ್ನು ನೋಡಿದ. ಸೀರೆ ನೋಡಲಿಲ್ಲ, ಕೈಯಲ್ಲಿದ್ದ ಉಡುಗೊರೆಯ ಪೊಟ್ಟಣ ನೋಡಲಿಲ್ಲ. ಸೈಕಲ್ ನೋಡಿದ. "ಅಡುಗೆಯವರಾ? ಹಿಂದಿನ ಗೇಟಿಂದ ಹೋಗಮ್ಮಾ" ಅಂದ. ಅವನ ದನಿಯಲ್ಲಿ ಒರಟುತನ ಏನೂ ಇರಲಿಲ್ಲ. ದಾರಿ ತೋರಿಸುವ ಹಾಗೆ ಹೇಳಿದ ಅಷ್ಟೇ.

ನಾನು ವಾದ ಮಾಡದೆ ಹಿಂದಕ್ಕೇ ಹೋದೆ. ಹಿಂದೆ ಸೌದೆ ರಾಶಿ, ತೊಳೆಯಲು ಹಾಕಿದ ಕೊಳಗ, ತರಕಾರಿ ಸಿಪ್ಪೆ. ಗೋಡೆಗೆ ಒರಗಿಸಿದ ಸೈಕಲ್ಲುಗಳ ಸಾಲು. ಒಂದಕ್ಕೆ ಚೈನ್ ಕವರೇ ಇಲ್ಲ. ಇನ್ನೊಂದರ ಸೀಟಿಗೆ ಬೇಕರಿಯ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿದೆ. ಎಲ್ಲದರ ಕ್ಯಾರಿಯರಿಗೂ ಹಳೆಯ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್ ಪಟ್ಟಿ. ಒಂದರ ಹ್ಯಾಂಡಲಿನಲ್ಲಿ ಮಡಿಸಿಟ್ಟ ಬಿಳಿ ಅಂಗಿ ತೂಗಾಡುತ್ತಿತ್ತು. ಬಡಿಸುವ ಹೊತ್ತಿಗೆ ಹಾಕಿಕೊಳ್ಳುವ ಅಂಗಿ ಅದು. ಅದರ ಒಡೆಯ ಬಾಳೆಎಲೆ ಒರೆಸುತ್ತಾ ಕೂತಿದ್ದ. ನನ್ನ ಸೈಕಲ್ ನೋಡಿ, ನನ್ನ ಸೀರೆ ನೋಡಿ ಅವನಿಗೂ ಗೊಂದಲ.

"ನೀವು ಗೆಸ್ಟಾ ಅಕ್ಕ?" ಅಂದ.

"ಹೂಂ ಕಣಪ್ಪ. ನೀನು ಎಲ್ಲಿಂದ ಬರ್ತೀಯ?"

ಊರ ಹೊರಗಿನ ಒಂದು ಬಡಾವಣೆಯ ಹೆಸರು ಹೇಳಿದ. ಊಟ ಮುಗಿದು, ಎಲೆ ಎತ್ತಿ, ಪಾತ್ರೆ ತೊಳೆದು ಹೊರಡುವಾಗ ಮಧ್ಯರಾತ್ರಿ ಆಗುತ್ತದಂತೆ. ಆ ಹೊತ್ತಿಗೆ ಬಸ್ಸಿಲ್ಲ. ಆಟೋಗೆ ಕೊಟ್ಟರೆ ಆ ದಿನದ ಕೂಲಿಯಲ್ಲಿ ಉಳಿಯುವುದೇನು? "ಸ್ವಲ್ಪ ದುಡ್ಡಾದ್ರೆ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು ಇದನ್ನ ಗುಜರಿಗೆ ಹಾಕ್ತೀನಿ" ಅಂದ. ಸೈಕಲ್ಲಿನ ಮೇಲೆ ಅವನಿಗೆ ಚೂರೂ ಮೋಹ ಇರಲಿಲ್ಲ.

ನಮ್ಮ ಗೆಳೆಯರ ಮಾತು ನನಗೆ ಎಡವಿದ್ದು ಇಲ್ಲಿ. ಸೈಕಲ್ ಏರುವುದೇ ಪ್ರತಿಭಟನೆ ಅಂದರೆ ಈ ಹುಡುಗನಷ್ಟು ದೊಡ್ಡ ಹೋರಾಟಗಾರ ನಮ್ಮ ಊರಲ್ಲಿ ಬೇರೆ ಇಲ್ಲ. ಬೆಳಗಿನ ಜಾವ ಪೇಪರ್ ಹಾಕುವವರು, ಹಾಲಿನ ಪ್ಯಾಕೆಟ್ ತರುವವರು, ರಾತ್ರಿ ಪಾಳಿ ಮುಗಿಸಿ ಹೋಗುವ ಸೆಕ್ಯುರಿಟಿಯವರು, ಹಿಂದೆ ಬುಟ್ಟಿ ಕಟ್ಟಿಕೊಂಡು ಸೊಪ್ಪು ಮಾರುವವರು. ಇವರನ್ನು ಯಾರೂ "ನೀವು ತುಳಿಯೋದು ರಾಜಕೀಯವೋ ಮಜಾವೋ" ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಈ ಪ್ರಶ್ನೆ ಕೇಳುವುದು ನನ್ನಂಥವರನ್ನು ಮಾತ್ರ. ಅಂದರೆ ಬೇರೆ ಗಾಡಿ ಕೊಳ್ಳಬಲ್ಲವರನ್ನು. 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಕಾರು ಇದ್ದದ್ದು ಐದು ಮನೆಯಲ್ಲೂ ಇಲ್ಲ. ಆ 45 ಮನೆಯವರೆಲ್ಲ ಬೆಳಿಗ್ಗೆ ಎದ್ದು ಪ್ರತಿಭಟನೆಗೆ ಹೊರಡುತ್ತಿರಲಿಲ್ಲ, ಕೆಲಸಕ್ಕೆ ಹೊರಡುತ್ತಿದ್ದರು.

2020ರ ಲಾಕ್‌ಡೌನ್ ನೆನಪಿದೆಯಲ್ಲ? ಬಿಹಾರದ ಹದಿನೈದು ವರ್ಷದ ಹುಡುಗಿಯೊಬ್ಬಳು ಗಾಯಗೊಂಡಿದ್ದ ಅಪ್ಪನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗುರುಗ್ರಾಮದಿಂದ ದರ್ಭಂಗಾ ತನಕ ತುಳಿದಳು. ಸುಮಾರು 1200 ಕಿಲೋಮೀಟರ್. ಕೆಲಸ ಇಲ್ಲ, ಬಾಡಿಗೆ ಕೊಡಲು ದುಡ್ಡಿಲ್ಲ, ರೈಲಿಲ್ಲ, ಬಸ್ಸಿಲ್ಲ, ಅದಕ್ಕೆ. ಸುದ್ದಿ ದೊಡ್ಡದಾದ ಮೇಲೆ ಏನಾಯ್ತು ಅಂದರೆ, ದೇಶದ ಸೈಕ್ಲಿಂಗ್ ಒಕ್ಕೂಟ ಅವಳನ್ನು ಟ್ರಯಲ್‌ಗೆ ಕರೆಯಿತು. ಪ್ರಪಂಚವೆಲ್ಲ ಅವಳ ತಾಕತ್ತನ್ನು ಹೊಗಳಿತು. ಒಳ್ಳೆಯ ಮನಸ್ಸಿನಿಂದಲೇ ಇರಬಹುದು. ಆದರೆ ಒಂದು ಮಗು ಅಷ್ಟು ದೂರ ತುಳಿಯಬೇಕಾಗಿ ಬಂದದ್ದು ಯಾಕೆ ಅನ್ನುವ ಪ್ರಶ್ನೆಯನ್ನು ಕ್ರೀಡೆಯ ಖಾತೆಗೆ ಬರೆದು ಪುಟ ಮಗುಚಿದ್ದು ನನಗೆ ಇವತ್ತಿಗೂ ಕಸಿವಿಸಿ. ನಾನು ಲೆಕ್ಕ ಬರೆಯುವವಳು, ತಪ್ಪು ಖಾತೆಗೆ ಹಾಕಿದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಹಾಗಂತ "ಸುಮ್ನೆ ಮಜಾ, ರಾಜಕೀಯ ಏನೂ ಇಲ್ಲ" ಅಂತ ಕೈ ತೊಳೆದುಕೊಳ್ಳಲೂ ನನಗೆ ಆಗುವುದಿಲ್ಲ. ಯಾಕೆಂದರೆ ಮಜಾ ಯಾರಿಗೆ ಸಿಗಬೇಕು ಅನ್ನುವುದರ ಮೇಲೇ ಬಹಳ ಜಗಳ ನಡೆದಿದೆ.

ನಮ್ಮಮ್ಮ ಕೆ.ಆರ್. ನಗರದ ಹತ್ತಿರದ ಹಳ್ಳಿಯವರು. ಆಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳಿದ್ದವಲ್ಲ, ಅಲ್ಲಿಂದ ಮಾವ ತಂದ ದೊಡ್ಡ ಸೈಕಲ್ಲಿನಲ್ಲಿ ಅಮ್ಮ ಒಳಪೆಡಲು ಹೊಡೆಯುವುದನ್ನು ಕಲಿತಿದ್ದರಂತೆ. ಬಾರಿನ ಕೆಳಗಿಂದ ಕಾಲು ತೂರಿಸಿ, ಲಂಗ ಎತ್ತಿ ಕಟ್ಟಿ, ದೇವಸ್ಥಾನದ ಮುಂದಿನ ಬಯಲಿನಲ್ಲಿ ಸುತ್ತು. ದೊಡ್ಡವಳಾದ ಮೇಲೆ ನಿಂತುಹೋಯಿತು. "ಬೈದ್ರಾ ಅಮ್ಮ?" ಅಂತ ಕೇಳಿದ್ದೆ. "ಯಾರೂ ಬೈಲಿಲ್ಲ ಕಣೆ. ಸೈಕಲ್ ಕೇಳ್ದಾಗೆಲ್ಲ ನಮ್ಮವ್ವ ಏನಾದ್ರೂ ಕೆಲ್ಸ ಹೇಳೋಳು" ಅಂದರು. ಅಕ್ಕಿ ಆರಿಸು, ಕೊಟ್ಟಿಗೆ ಗುಡಿಸು, ತಮ್ಮನ್ನ ನೋಡ್ಕೋ. ಎಷ್ಟು ಸಲೀಸಾಗಿ ಮುಗಿಯಿತು ನೋಡಿ. ಜಗಳ ಆಡಲೂ ಒಂದು ಎಡೆ ಸಿಗಲಿಲ್ಲ.

ಇದೇ ಜಗಳ ಬಯಲಿಗೆ ಬಂದು ಹೆಂಗಸರು ಗೆದ್ದದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ, ಪುದುಕ್ಕೋಟ್ಟೈ ಜಿಲ್ಲೆಯಲ್ಲಿ. 1991ರ ಸುಮಾರಿಗೆ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರ ಕಲಿಸುವುದರ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಸೈಕಲ್ ಕೊಳ್ಳಲು ಬ್ಯಾಂಕ್ ಸಾಲ ಸಿಗುವಂತೆ ನೋಡಿಕೊಂಡರು. ಕೂಲಿಯವರು, ಅಂಗನವಾಡಿಯವರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಲಕ್ಷದಷ್ಟು ಹೆಂಗಸರು ಕಲಿತರು. ಅಂಗಡಿಗಳಲ್ಲಿ ಲೇಡೀಸ್ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಕೊಂಡರು. ಬಾರಿನ ಮೇಲೆ ಮಗುವನ್ನು ಕೂರಿಸಬಹುದು, ಅದೇ ವಾಸಿ ಅಂದವರೂ ಇದ್ದರು. ಕೊಂಕು ಮಾತಿಗೆ ಲೆಕ್ಕ ಇರಲಿಲ್ಲ.

ನನಗೆ ಇಲ್ಲಿ ಕುತೂಹಲ ಇರುವುದು ಆ ಕೊಂಕಿನ ಬಗ್ಗೆ. ಆ ಹೆಂಗಸರು ಮೈಲುಗಟ್ಟಲೆ ನಡೆದು ನೀರು ಹೊರುತ್ತಿದ್ದಾಗ ಯಾರಿಗೂ ತಕರಾರು ಇರಲಿಲ್ಲ. ಅದೇ ನೀರಿನ ಬಿಂದಿಗೆಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು, ಗೆಳತಿಯ ಜೊತೆ ನಗುತ್ತಾ, ಗಾಳಿಗೆ ಮುಖ ಕೊಟ್ಟು ಬಂದರೆ ತಕರಾರು. ಕೆಲಸ ಮೊದಲಿನದೇ. ಕಣ್ಣು ಕುಕ್ಕಿದ್ದು ಅವರ ಖುಷಿ. ಹಾಗಾಗಿ ನಮ್ಮ ಗೆಳೆಯರು ಮಜಾವನ್ನು ಒಂದು ಕಡೆ, ರಾಜಕೀಯವನ್ನು ಇನ್ನೊಂದು ಕಡೆ ಇಟ್ಟು ಯಾವುದು ಬೇಕು ಅಂತ ಕೇಳುವುದು ನನಗೆ ಸರಿ ಬರುವುದಿಲ್ಲ. ಮಜಾ ಇರುವುದರಿಂದಲೇ ಅದನ್ನು ತಡೆಯಬೇಕು ಅಂತ ಅನ್ನಿಸಿದ್ದು, ಅಲ್ವಾ?

ನಮ್ಮಲ್ಲೂ 2006-07ರಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಬಿಹಾರದಲ್ಲೂ ಅದೇ ಕಾಲಕ್ಕೆ ಹೈಸ್ಕೂಲಿನ ಹುಡುಗಿಯರಿಗೆ ಸೈಕಲ್ ಕೊಟ್ಟರು. ಅಲ್ಲಿ ಹೈಸ್ಕೂಲಿಗೆ ಸೇರುವ ಹುಡುಗಿಯರ ಸಂಖ್ಯೆ ಹೆಚ್ಚಾದದ್ದನ್ನು ಅರ್ಥಶಾಸ್ತ್ರದವರು ಲೆಕ್ಕ ಹಾಕಿ ತೋರಿಸಿದ್ದಾರೆ. ಸಂಜೆ ನಾಲ್ಕೂವರೆಗೆ ಹಳ್ಳಿಯ ರಸ್ತೆಯಲ್ಲಿ ಇಡೀ ಅಗಲಕ್ಕೆ ಹರಡಿಕೊಂಡು, ಒಬ್ಬಳ ಹೆಗಲ ಮೇಲೆ ಇನ್ನೊಬ್ಬಳು ಕೈ ಹಾಕಿಕೊಂಡು ಬರುವ ಹುಡುಗಿಯರ ಗುಂಪನ್ನು ನೋಡಿದವರಿಗೆ ಅದರಲ್ಲಿ ಎಷ್ಟು ಯೋಜನೆ, ಎಷ್ಟು ಮಜಾ ಅಂತ ಬೇರೆ ಮಾಡಲು ಬರುವುದಿಲ್ಲ. ನಮ್ಮ ರಾಜ್ಯದ ಯೋಜನೆ ಕೋವಿಡ್ ಬಂದಾಗ ನಿಂತುಹೋಯಿತು. ಸೈಕಲ್ ಕೊಡುವುದು ನಿಲ್ಲಿಸಿದ್ದಕ್ಕೆ ಯಾರೂ ರಸ್ತೆ ತಡೆ ಮಾಡಿದ್ದನ್ನು ನಾನು ನೋಡಲಿಲ್ಲ.

ರಾಜಕೀಯದವರಿಗೆ ಸೈಕಲ್ ಗೊತ್ತಿಲ್ಲ ಅಂತಲ್ಲ. ಉತ್ತರಪ್ರದೇಶದ ಸಮಾಜವಾದಿ ಪಕ್ಷದ ಚಿಹ್ನೆಯೇ ಸೈಕಲ್, ಆಂಧ್ರದ ತೆಲುಗು ದೇಶಂದೂ ಅದೇ. 2017ರಲ್ಲಿ ಸಮಾಜವಾದಿ ಪಕ್ಷದ ಸೈಕಲ್ ಅಪ್ಪ ಮುಲಾಯಂ ಸಿಂಗರಿಗೋ ಮಗ ಅಖಿಲೇಶರಿಗೋ ಅಂತ ಚುನಾವಣಾ ಆಯೋಗದ ಮುಂದೆ ದೊಡ್ಡ ವ್ಯಾಜ್ಯವೇ ನಡೆದು ಮಗನಿಗೆ ಸಿಕ್ಕಿತು. ಪೆಟ್ರೋಲ್ ನೂರು ದಾಟಿದ 2021ರಲ್ಲಿ ನಮ್ಮ ರಾಜ್ಯದ ನಾಯಕರೂ ಕ್ಯಾಮೆರಾ ಮುಂದೆ ಸೈಕಲ್ ಏರಿದರು. ಫೋಟೋಗೆ ಸೈಕಲ್ಲಿನಷ್ಟು ಒಳ್ಳೆಯ ಗಾಡಿ ಇನ್ನೊಂದಿಲ್ಲ. ಬಜೆಟ್ಟಿನ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ಬರೀ ಬೈಗುಳ ಅಲ್ಲ, ತೆರಿಗೆ ನೋಡಿ. ನನಗೆ ಇದೇ ಹೊಟ್ಟೆಪಾಡು, ಅದಕ್ಕೇ ಗಮನಿಸಿದೆ. 2019ರ ಆಗಸ್ಟಿನಿಂದ ಎಲೆಕ್ಟ್ರಿಕ್ ಕಾರಿನ ಮೇಲೆ ಜಿಎಸ್‌ಟಿ ಶೇಕಡಾ 5. ಆಗ ಮಾಮೂಲಿ ಸೈಕಲ್ಲಿನ ಮೇಲೆ ಶೇಕಡಾ 12. ಬ್ಯಾಟರಿ ಇಲ್ಲದ, ಹೊಗೆ ಇಲ್ಲದ, ಹ್ಯಾಂಡಲಿಗೆ ಚೀಲ ಸಿಕ್ಕಿಸಿಕೊಂಡು ಕೂಲಿಗೆ ಹೋಗುವವನ ಗಾಡಿಗೆ ಎರಡು ಪಟ್ಟಿಗಿಂತ ಜಾಸ್ತಿ ತೆರಿಗೆ. 2025ರ ಸೆಪ್ಟೆಂಬರಿನಲ್ಲಿ ಅದನ್ನು 5ಕ್ಕೆ ಇಳಿಸಿದರು. ಆರು ವರ್ಷ ಬೇಕಾಯಿತು. ಹಳಬರಿಗೆ ಇದರಲ್ಲಿ ಆಶ್ಚರ್ಯ ಇರಲಿಕ್ಕಿಲ್ಲ. ಒಂದು ಕಾಲಕ್ಕೆ ಮುನಿಸಿಪಾಲಿಟಿಗಳು ಸೈಕಲ್ಲಿಗೂ ವರ್ಷಕ್ಕಿಷ್ಟು ಅಂತ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದವು. ಡೈನಮೋ ದೀಪ ಉರಿಯದಿದ್ದರೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಪೊಲೀಸರು ಹಿಡಿಯುತ್ತಿದ್ದರು. ನಮ್ಮ ಮಾವ ಪೊಲೀಸ್ ಕಂಡರೆ ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಿದ್ದ ಕಥೆ ನಮ್ಮನೆಯಲ್ಲಿ ಇನ್ನೂ ಓಡುತ್ತದೆ.

ಕೋಲ್ಕತ್ತದಲ್ಲಿ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ ಓಡಿಸಬಾರದು ಅಂತ ಪೊಲೀಸರು ಆದೇಶ ಮಾಡಿದ್ದರು. ಕಾರಣ, ಟ್ರಾಫಿಕ್ ನಿಧಾನ ಆಗುತ್ತದೆ. ನಮ್ಮ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್, ಎಂಜಿನ್ ಇಲ್ಲದ ಗಾಡಿ ಯಾವುದೂ ಬರುವ ಹಾಗಿಲ್ಲ. ಅಲ್ಲಿನ ಸಾವುಗಳನ್ನು ನೋಡಿದವಳಾಗಿ ಆ ನಿರ್ಧಾರವನ್ನು ನಾನು ಬೈಯಲಾರೆ. ಆ ವೇಗದ ಪಕ್ಕದಲ್ಲಿ ಸೈಕಲ್ ಓಡಿಸುವುದು ಹುಚ್ಚು. ಆದರೆ ಎಲ್ಲ ಕಡೆಯೂ ಲೆಕ್ಕ ಒಂದೇ ದಿಕ್ಕಿಗೆ ಹೋಗುತ್ತದೆ. ಜೋರಾಗಿ ಹೋಗುವವನಿಗೆ ದಾರಿ, ಮೆಲ್ಲಗೆ ಹೋಗುವವನಿಗೆ ಪಕ್ಕದ ದಾರಿ. ಮಂಟಪದ ಹಿಂದಿನ ಗೇಟಿನ ಹಾಗೆ.

ಬೇರೆ ಥರ ಮಾಡಿಯೇ ಇಲ್ಲವಾ ಅಂದರೆ, ಮಾಡಿದ್ದಾರೆ. ಮೈಸೂರಿನಲ್ಲೇ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಅನ್ನುವ ಬಾಡಿಗೆ ಸೈಕಲ್ ಯೋಜನೆ ಶುರುವಾಯಿತು. 450 ಸೈಕಲ್, 48 ನಿಲ್ದಾಣ. ಕಾರ್ಡ್ ತೋರಿಸಿದರೆ ಬೀಗ ಬಿಡುತ್ತಿತ್ತು, ಇನ್ನೊಂದು ನಿಲ್ದಾಣದಲ್ಲಿ ಸಿಕ್ಕಿಸಿದರೆ ಮುಗಿಯುತ್ತಿತ್ತು. ಅರಮನೆ ನೋಡಲು ಬಂದವರು, ಕಾಲೇಜು ಹುಡುಗರು ಸಾಲಾಗಿ ಓಡಿಸುವುದು ನೋಡಲು ಚೆಂದ ಇತ್ತು. ಆದರೆ ಸೈಕಲ್ ಬಂತೇ ಹೊರತು ಸೈಕಲ್ಲಿಗೆ ಅಂತ ಬೇರೆ ದಾರಿ ನನಗೆ ಸಿಗಲಿಲ್ಲ. ನಾನು ಮೊದಲು ಹೋಗುತ್ತಿದ್ದ ಬಸ್ಸುಗಳ ಸಂದಿಯಲ್ಲೇ ಅವರೂ ಬಂದು ಸೇರಿಕೊಂಡರು. ಬೆಂಗಳೂರಿನಲ್ಲಿ 2020ರಲ್ಲಿ ಹೊರ ವರ್ತುಲ ರಸ್ತೆಯ ಅಂಚಿಗೆ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ಬೈಕಿನವರು ನುಗ್ಗಿದರು, ಆಮೇಲೆ ಮೆಟ್ರೋ ಕಾಮಗಾರಿ ಬಂತು. ಮುಂದಿನದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು.

ಇಂಥ ಮಾತು ಬಂದಾಗ ನೆದರ್ಲೆಂಡ್ಸ್ ಹೆಸರು ಬಂದೇ ಬರುತ್ತದೆ. ಅವರ ರಕ್ತದಲ್ಲೇ ಸೈಕಲ್ ಇದೆ ಅನ್ನುತ್ತಾರೆ. ಹಾಗೇನಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರೂ ಕಾರಿಗೆ ಅಂತ ರಸ್ತೆ ಅಗಲ ಮಾಡಿದವರೇ. 1971ರಲ್ಲಿ ಆ ಪುಟ್ಟ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆ ಅಪಘಾತದಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗೆ ಇಳಿದು ಮಕ್ಕಳನ್ನು ಕೊಲ್ಲುವುದು ನಿಲ್ಲಿಸಿ ಅಂತ ಚಳವಳಿ ಮಾಡಿದರು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂದು ಭಾನುವಾರ ಕಾರು ಬಂದ್ ಆಯಿತು, ಜನಕ್ಕೆ ಖಾಲಿ ರಸ್ತೆಯ ರುಚಿ ಹತ್ತಿತು. ಇವತ್ತು ಅಲ್ಲಿ ಅಜ್ಜಿಯರು ತರಕಾರಿ ತರಲು ಸೈಕಲ್ಲಲ್ಲಿ ಹೋಗುತ್ತಾರೆ. ಅವರು ಯಾರೂ ಪ್ರತಿಭಟನೆ ಮಾಡುತ್ತಿಲ್ಲ. ಅವರ ಪರವಾಗಿ ಯಾರೋ ಹಿಂದೆಯೇ ಮಾಡಿ ಮುಗಿಸಿದ್ದಾರೆ. ನನಗೂ ಅದೇ ಬೇಕು. ಯಾವ ಅರ್ಥವೂ ಇಲ್ಲದ ಸವಾರಿ.

ನಮ್ಮ ಸೈಕಲ್ ಶಾಪಿನ ಅಣ್ಣನಿಗೆ ಈ ಚರ್ಚೆಯನ್ನೆಲ್ಲ ಹೇಳಿದೆ. ಅವರಿಗೆ ನನಗಿಂತ ವಯಸ್ಸು ಜಾಸ್ತಿ, ಅಪ್ಪನ ಕಾಲದ ಅಂಗಡಿ. ನನ್ನ ಹಿಂದಿನ ಚಕ್ರ ಪಂಚರ್ ಆಗಿತ್ತು. ಎರಡು ಚಪ್ಪಟೆ ಸಲಾಕೆ ಹಾಕಿ ಟೈರಿನ ಅಂಚು ಎಬ್ಬಿಸಿ ಟ್ಯೂಬ್ ಎಳೆದರು. ಗಾಳಿ ತುಂಬಿ, ಕಪ್ಪಗಾದ ಬಾಣಲೆ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತಾ ಹೋದರು. ಒಂದು ಕಡೆ ಸಣ್ಣಗೆ ಗುಳ್ಳೆ ಎದ್ದವು. ಅಲ್ಲಿ ಒರೆಸಿ, ಅರದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಉಫ್ ಅಂತ ಊದಿ, ಪ್ಯಾಚ್ ಅಂಟಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿದರು. ಮುಗಿಯಿತು ಅಂದುಕೊಂಡರೆ ಇಲ್ಲ. ಟೈರಿನೊಳಗೆ ಬೆರಳು ಆಡಿಸುತ್ತಾ ಪೂರ್ತಿ ಒಂದು ಸುತ್ತು ಬಂದರು. "ಮುಳ್ಳು ಹುಡುಕ್ದೆ ಟ್ಯೂಬ್ ಹಾಕಿದ್ರೆ ಬೀದಿ ಕೊನೇಲೇ ತಿರಗಾ ಬರ್ತೀರಮ್ಮ" ಅಂದರು. ಆಮೇಲೆ ನನ್ನ ಪ್ರಶ್ನೆಗೆ ಬಂದರು. "ರಾಜಕೀಯ ಗಿಜಕೀಯ ನಂಗೊತ್ತಿಲ್ಲ. ಆ ಚರಂಡಿ ಜಾಲರಿ ತೆಗ್ಸಿ ಮೊದಲು."

ಜಾಲರಿ ಅಂದರೆ, ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಹೊಸದಾಗಿ ಚರಂಡಿ ಮಾಡಿ ಅದರ ಬಾಯಿಗೆ ಹಾಕಿದ ಕಬ್ಬಿಣದ ಸರಳುಗಳು. ಅಡ್ಡಕ್ಕೆ ಹಾಕುವ ಬದಲು ರಸ್ತೆಯ ಉದ್ದಕ್ಕೇ ಹಾಕಿದ್ದಾರೆ. ನಡುವಿನ ಸಂದಿ ಸೈಕಲ್ ಟೈರಿಗೆ ಅಳತೆ ತೆಗೆದು ಮಾಡಿಸಿದ ಹಾಗಿದೆ. ಪೇಪರ್ ಹಾಕುವ ಹುಡುಗನೊಬ್ಬ ಬೆಳಗಿನ ಕತ್ತಲಲ್ಲಿ ಅದರೊಳಗೆ ಚಕ್ರ ಸಿಕ್ಕಿಕೊಂಡು ಬಿದ್ದು ಹಲ್ಲು ಮುರಿದುಕೊಂಡ. ಕಾರಿನವರಿಗೆ ಅಲ್ಲೊಂದು ಜಾಲರಿ ಇದೆ ಅನ್ನುವುದೇ ಗೊತ್ತಿಲ್ಲ. ಬೈಕಿನ ದಪ್ಪ ಟೈರಿಗೂ ಏನೂ ಆಗುವುದಿಲ್ಲ.

ನಾನೊಂದು ಅರ್ಜಿ ಬರೆದೆ. ಸಹಿಗೆ ಹೊರಟಾಗ ಭಾನುವಾರದ ಗುಂಪಿನ ನಮ್ಮ ಗೆಳೆಯರು ಮೊದಲು ಸಹಿ ಹಾಕಿದರು, ಅವರ ಗುಂಪಿನ ಎಲ್ಲರದ್ದೂ ಹಾಕಿಸಿಕೊಟ್ಟರು. ಈ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. ಹಾಲಿನವರು ಮಾತ್ರ ಪೆನ್ನು ಮುಟ್ಟಲಿಲ್ಲ. "ನಮ್ಗ್ಯಾಕಮ್ಮ ಇದೆಲ್ಲ, ನಾವು ಪಕ್ಕಕ್ಕೆ ಎಳ್ಕೊಂಡು ಹೋಗ್ತೀವಿ" ಅಂದರು. ಯಾವ ಆಫೀಸಿನಲ್ಲೂ ತಮ್ಮ ಹೆಸರು ಇರದಿದ್ದರೆ ಒಳ್ಳೆಯದು ಅನ್ನುವುದು ಅವರ ಅನುಭವ. ಸುಮ್ಮನೆ ಬಂದ ಭಯ ಅಲ್ಲ ಅದು.

ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಎಂಜಿನಿಯರ್ ಮರ್ಯಾದೆಯಿಂದಲೇ ಮಾತಾಡಿಸಿದರು. ಕೆಲವು ದಿನ ಬಿಟ್ಟು ಎರಡು ಜಾಲರಿ ಕಿತ್ತು ಅಡ್ಡಕ್ಕೆ ವೆಲ್ಡಿಂಗ್ ಮಾಡಿಸಿದರು. ಮಿಕ್ಕವು ಹಾಗೇ ಇವೆ. ಮತ್ತೆ ಹೋಗಿ ಕೇಳಿದಾಗ ಅವರು ನನ್ನನ್ನೇ ಒಂದು ಪ್ರಶ್ನೆ ಕೇಳಿದರು. "ಮೇಡಂ, ಆ ರಸ್ತೇಲಿ ಸೈಕಲ್ ಓಡ್ಸೋರು ಎಷ್ಟು ಜನ ಇರ್ಬೋದು? ನೀವೊಬ್ರು ಗೊತ್ತು. ಎಸ್ಟಿಮೇಟ್ ಮೇಲೆ ಕಳಿಸ್ಬೇಕು ಅಂದ್ರೆ ನನಗೊಂದು ನಂಬರ್ ಬೇಕು." ಅವರ ಹತ್ತಿರ ಕಾರಿನ ಲೆಕ್ಕ ಇತ್ತು, ಲಾರಿಯ ಲೆಕ್ಕ ಇತ್ತು, ಬೈಕಿನದೂ ಇತ್ತು. ಸೈಕಲ್ಲಿನ ಕಾಲಂ ಖಾಲಿ.

ಗೆಳೆಯರಿಗೆ ಫೋನ್ ಮಾಡಿದೆ. ನಿಮ್ಮ ಪ್ರತಿಭಟನೆಗೆ ಒಂದು ಕೆಲಸ ಸಿಕ್ಕಿದೆ, ನಂಜನಗೂಡಿನ ಇಡ್ಲಿ ಒಂದು ವಾರ ಬಿಡಬೇಕು ಅಂದೆ. ಒಪ್ಪಿದರು. ಸರ್ಕಲ್ಲಿನ ಟೀ ಅಂಗಡಿಯ ಮುಂದೆ ಕೂತು ಎಣಿಸುವುದು ಅಂತ ಮಾತಾಯಿತು. ಬೆಳಿಗ್ಗೆ ಏಳಕ್ಕೆ ಶುರು ಮಾಡೋಣ ಅಂದರು ಅವರು. ಶಾಪಿನ ಅಣ್ಣನಿಗೆ ಹೇಳಿದರೆ ನಕ್ಕುಬಿಟ್ಟರು. ಏಳಕ್ಕೆ ಬಂದರೆ ನಿಮ್ಮಂಥವರೇ ಸಿಗುತ್ತಾರೆ, ಪೇಪರಿನವರು, ಹಾಲಿನವರು, ರಾತ್ರಿ ಪಾಳಿಯವರು ಸಿಗಬೇಕಾದರೆ ನಾಲ್ಕೂವರೆಗೆ ಬನ್ನಿ ಅಂದರು. ಟೀ ಅಂಗಡಿಯವರು ಆ ಹೊತ್ತಿಗೆ ಬಾಗಿಲು ತೆಗೆಯುತ್ತಾರಾ ಅಂತ ಈಗ ಕೇಳಬೇಕು.